ಶೆಟ್ಟಿಹಳ್ಳಿ ಚರ್ಚ್ ಕಟ್ಟಿಸಿದ್ದು ಅಬ್ಬೆ ದುಬ್ವಾ ಅಂತಾರಲ್ಲ, ವರ್ಷನೇ ತಾಳೆ ಆಗ್ತಿಲ್ಲ, ಯಾರಿಗಾದ್ರೂ ಸರಿಯಾಗಿ ಗೊತ್ತಾ?

ಹೇಮಾವತಿ_ದಂಡೆ:

ಎಲ್ರಿಗೂ ನಮಸ್ಕಾರ. ಹಾಸನದಿಂದ ಸುಮಾರು 20 ಕಿ.ಮೀ. ದೂರದಲ್ಲಿ ಹೇಮಾವತಿ ಹಿನ್ನೀರಲ್ಲಿ ನಿಂತಿರೋ ಶೆಟ್ಟಿಹಳ್ಳಿ ಚರ್ಚ್ ಎಲ್ರಿಗೂ ಗೊತ್ತೇ ಇರುತ್ತೆ, ಮಳೆಗಾಲದಲ್ಲಿ ಮುಳುಗಿ ಬೇಸಿಗೇಲಿ ಮೇಲೆ ಬರುತ್ತಲ್ಲ ಅದೇ. ನಮ್ಮ ಕಾಲೇಜಿನ ಇತಿಹಾಸ ಬಳಗದವ್ರು ಜಿಲ್ಲೆಯ ಒಂದೊಂದು ಜಾಗದ ಬಗ್ಗೆ ಚಿಕ್ಕ ಪುಸ್ತಿಕೆ ಮಾಡ್ತಾ ಇದೀವಿ, ಈ ಚರ್ಚ್ ನನ್ನ ಪಾಲಿಗೆ ಬಂದಿದೆ. ಓದೋಕೆ ಕೂತ್ರೆ ಎಲ್ಲಾ ಕಡೆ ಒಂದೇ ನಾಲ್ಕು ಸಾಲು ತಿರುಗಿಸಿ ತಿರುಗಿಸಿ ಹಾಕಿದಾರೆ. 1860ರಲ್ಲಿ ಫ್ರೆಂಚ್ ಮಿಷನರಿ ಅಬ್ಬೆ ದುಬ್ವಾ ಕಟ್ಟಿಸಿದ್ರು, ಸಕಲೇಶಪುರ ಆಲೂರು ಕಡೆ ಎಸ್ಟೇಟ್ ಬ್ರಿಟಿಷರಿಗಾಗಿ ಕಟ್ಟಿದ್ದು, ಬೆಲ್ಲ ಮೊಟ್ಟೆ ಹಾಕಿ ಗಾರೆ ಕಲಸಿದ್ರು, ಗೊರೂರು ಡ್ಯಾಮ್ ಬಂದು ಮುಳುಗಿತು, ಅಷ್ಟೇ. ಆಮೇಲೆ ಹೋಗೋ ದಾರಿ, ಯಾವ ತಿಂಗಳು ಫೋಟೋಗೆ ಚೆನ್ನಾಗಿರುತ್ತೆ ಅನ್ನೋದು ಶುರು.

ನನ್ನ ತಲೆ ಕೆಟ್ಟಿರೋದು ಮೊದಲನೇ ಸಾಲಿಗೆ. ದುಬ್ವಾ ಟಿಪ್ಪು ಕಾಲ ಮುಗಿದ ತಕ್ಷಣ ಮೈಸೂರು ಸೀಮೆಗೆ ಬಂದವ್ರು ಅಂತ ಓದಿದ್ದೆ. ಹಾಗಿದ್ರೆ 1860ರಲ್ಲಿ ಅವ್ರಿಗೆ ತೊಂಬತ್ತು ದಾಟಿರ್ಬೇಕಲ್ವಾ? ಇನ್ನೊಂದು, ಇದು ಬರೀ ಕಟ್ಟಡ ಅಲ್ಲ, ಒಂದು ಊರಿನ ಚರ್ಚ್ ಆಗಿತ್ತು ತಾನೆ, ಅಲ್ಲಿಗೆ ಪೂಜೆಗೆ ಬರ್ತಿದ್ದೋರು ಯಾರು, ಎಲ್ಲಿಗೆ ಹೋದ್ರು? ಅದನ್ನ ಯಾರೂ ಬರೆದೇ ಇಲ್ಲ. ಗೊತ್ತಿರೋರು ದಯವಿಟ್ಟು ಹೇಳಿ, ಯಾವ ಕಾಗದ ಎಲ್ಲಿ ಹುಡುಕ್ಬೇಕು ಅಂತ ಹೇಳಿದ್ರೂ ಸಾಕು.

ಹಳೇ_ಕಾಗದ:

ನಿಮ್ಮ ಅನುಮಾನ ಪೂರ್ತಿ ಸರಿ. ದುಬ್ವಾ 1792ರಲ್ಲಿ ಇಂಡಿಯಾಕ್ಕೆ ಬಂದ್ರು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಚದುರಿ ಹೋಗಿದ್ದ ಕ್ರೈಸ್ತರನ್ನ ಮತ್ತೆ ಒಟ್ಟು ಮಾಡೋಕೆ ಬಂದ್ರು, 1823ರಲ್ಲಿ ಫ್ರಾನ್ಸಿಗೆ ವಾಪಸ್ ಹೋದ್ರು, ಮತ್ತೆ ಈ ಕಡೆ ಬರಲೇ ಇಲ್ಲ, 1848ರಲ್ಲಿ ಅಲ್ಲೇ ತೀರ್ಕೊಂಡ್ರು. ಅಂದ್ಮೇಲೆ 1860ರ ಕಟ್ಟಡನ ಅವ್ರು ಕಟ್ಟಿಸಿರೋಕೆ ಸಾಧ್ಯನೇ ಇಲ್ಲ. 1860 ಸರಿ ಅಂತಾದ್ರೆ ದುಬ್ವಾ ಹೆಸರು ತೆಗೀಬೇಕು, ದುಬ್ವಾ ಸರಿ ಅಂತಾದ್ರೆ ವರ್ಷ ನಲವತ್ತು ಐವತ್ತು ವರ್ಷ ಹಿಂದಕ್ಕೆ ಹೋಗ್ಬೇಕು. ಎರಡನ್ನೂ ಒಂದೇ ವಾಕ್ಯದಲ್ಲಿ ಬರೆಯೋರು ಒಂದ್ಸಲ ಆದ್ರೂ ಕೂಡಿ ಕಳೆದು ನೋಡಿಲ್ಲ.

ಆದ್ರೆ ಅವ್ರ ಹೆಸರು ಹಾಸನ ಸೀಮೆಗೆ ಸುಮ್ನೆ ಅಂಟ್ಕೊಂಡಿದ್ದಲ್ಲ. ಹಾಸನದ ಹತ್ರ ಸಾತಳ್ಳಿ ಇದೆಯಲ್ಲ, ದುಬ್ವಾ ಬಡ ಕ್ರೈಸ್ತ ಕುಟುಂಬಗಳಿಗೆ ಬೇಸಾಯಕ್ಕೆ ನೆಲೆ ಮಾಡಿಕೊಟ್ಟ ಊರುಗಳಲ್ಲಿ ಮುಖ್ಯವಾದದ್ದು ಅದೇ. ಯುದ್ಧ ಮುಗಿದು ಕೈಯಲ್ಲಿ ಏನೂ ಇಲ್ದೆ ಇದ್ದ ಜನಕ್ಕೆ ಮೊದಲು ಹೊಲ, ಆಮೇಲೆ ಉಳಿದಿದ್ದು. ಸಿಡುಬಿಗೆ ದನದ ಸಿಡುಬಿನ ಲಸಿಕೆ ಹಾಕಿಸೋ ಕೆಲಸನೂ ಹಚ್ಕೊಂಡ್ರು. ಆ ಲಸಿಕೆ ಬೊಂಬಾಯಿಗೆ ಬಂದಿದ್ದೇ 1802ರಲ್ಲಿ, 1803–04ರ ಹೊತ್ತಿಗೆ ಮೈಸೂರು ಸೀಮೇಲಿ 25,432 ಜನಕ್ಕೆ ಹಾಕಿಸಿದ್ರು ಅಂತ ಲೆಕ್ಕ ಇದೆ. ರೋಡು ಇಲ್ಲ, ಐಸ್ ಇಲ್ಲ, ಒಬ್ಬರ ತೋಳಿಂದ ಇನ್ನೊಬ್ಬರ ತೋಳಿಗೆ ದಾಟಿಸ್ಕೊಂಡು ಹೋಗ್ಬೇಕಿದ್ದ ಲಸಿಕೆ ಅದು, ಆ ಕಾಲದಲ್ಲಿ ಅಷ್ಟು ಜನರನ್ನ ಒಪ್ಪಿಸಿದ್ದು ಸಣ್ಣ ಮಾತಲ್ಲ. ನಮ್ಮವ್ರ ಥರನೇ ಉಡುಪು ತೊಟ್ಟು ಮಾಂಸ ಬಿಟ್ಟು ಬದುಕಿದ ಮನುಷ್ಯ, ಜನ ಕರೀತಿದ್ದಿದ್ದು ದೊಡ್ಡಸ್ವಾಮಿಯವರು ಅಂತ. ಅಂಥವ್ರ ನೆನಪು ಗಟ್ಟಿಯಾಗಿ ಉಳಿಯುತ್ತೆ, ಆಮೇಲೆ ಬಂದವರ ಕೆಲಸನೂ ಅದೇ ಹೆಸರಿನ ಲೆಕ್ಕಕ್ಕೆ ಸೇರಿಬಿಡುತ್ತೆ.

ಇದಕ್ಕೆ ಒಂದು ಜೋಡಿ ಸಂಗತಿ ಹೇಳ್ತೀನಿ. ಹಿಂದೂಗಳ ಆಚಾರ ವಿಚಾರದ ಬಗ್ಗೆ ದುಬ್ವಾ ಹೆಸರಲ್ಲಿ ಇರೋ ಪ್ರಸಿದ್ಧ ಗ್ರಂಥದ ಹಸ್ತಪ್ರತಿನ ಕಂಪನಿ ಸರ್ಕಾರ 1807ರಲ್ಲಿ 2,000 ವರಹ ಕೊಟ್ಟು ಕೊಂಡ್ಕೊಳ್ತು. ಅದರಲ್ಲಿ ತುಂಬಾ ಭಾಗ ಅವ್ರಿಗಿಂತ ಮುಂಚೆ ಇದ್ದ ಕೂರ್ದು ಅನ್ನೋ ಯೇಸುಸಭೆಯ (ಜೆಸ್ವಿಟ್) ಪಾದ್ರಿ ಬರೆದಿಟ್ಟಿದ್ದರಿಂದ ಬಂದಿದ್ದು ಅಂತ 1987ರಲ್ಲಿ ಸಿಲ್ವಿಯಾ ಮುರ್ ಅನ್ನೋ ಫ್ರೆಂಚ್ ವಿದ್ವಾಂಸೆ ಕಾಗದ ಸಮೇತ ತೋರಿಸಿದ್ರು. ಅಂದ್ರೆ ಹಿಂದಿನವರದ್ದೂ ಅವ್ರ ಹೆಸರಿಗೆ, ಮುಂದಿನವರದ್ದೂ ಅವ್ರ ಹೆಸರಿಗೆ.

1860ರ ಹೊತ್ತಿಗೆ ಮೈಸೂರು ಸೀಮೆಯ ಕಥೊಲಿಕರಿಗೆ ಬಿಷಪ್ ಆಗಿದ್ದಿದ್ದು ಶಾರ್ಬೊನೊ, 1850ರಲ್ಲಿ ಪಾಂಡಿಚೇರಿಯಿಂದ ಮೈಸೂರು ಬೇರೆ ಆದಾಗ ಆ ಹೊಣೆ ವಹಿಸ್ಕೊಂಡವ್ರು, 1873ರ ತನಕ ಬೆಂಗಳೂರಲ್ಲೇ ಇದ್ರು. ಅವ್ರ ಕೈಕೆಳಗೆ ಹಳ್ಳಿ ಹಳ್ಳೀಲಿ ಇದ್ದೋರು ಪ್ಯಾರಿಸ್ ವಿದೇಶಿ ಮಿಷನ್ ಸಂಘದ ಪಾದ್ರಿಗಳು, ದುಬ್ವಾನೂ ಅದೇ ಸಂಘದವ್ರು. ಹಾಗಾಗಿ ನಿಮ್ಮ ಪುಸ್ತಿಕೇಲಿ 19ನೇ ಶತಮಾನದ ಮಧ್ಯಭಾಗದಲ್ಲಿ ಪ್ಯಾರಿಸ್ ಮಿಷನ್ನಿನ ಪಾದ್ರಿಗಳ ಕಾಲದಲ್ಲಿ ಎದ್ದ ಚರ್ಚ್ ಅಂತ ಬರೆದ್ರೆ ಕಾಲನೂ ಸರಿ ಹೋಗುತ್ತೆ, ಜನನೂ ಸರಿ ಹೋಗ್ತಾರೆ.

ಕಾಫಿ_ಕಣ:

ಎಸ್ಟೇಟ್ ಬ್ರಿಟಿಷರಿಗಾಗಿ ಕಟ್ಟಿದ್ದು ಅನ್ನೋ ಮಾತು ನನಗೆ ಮೊದಲಿಂದಲೂ ಗಂಟಲಲ್ಲಿ ಇಳಿಯಲ್ಲ. ನಮ್ಮದು ಸಕಲೇಶಪುರ ಕಡೆ. ಆಗಿನ ಪ್ಲಾಂಟರುಗಳಲ್ಲಿ ಹೆಚ್ಚಿನೋರು ಇಂಗ್ಲೆಂಡಿನ ಪ್ರಾಟೆಸ್ಟೆಂಟರು, ಇಲ್ಲಾ ಸ್ಕಾಟ್ಲೆಂಡಿನೋರು. ಅವ್ರಿಗಾಗಿ ಫ್ರೆಂಚ್ ಕಥೊಲಿಕ್ ಪಾದ್ರಿ ಯಾಕೆ ಚರ್ಚ್ ಕಟ್ತಾನೆ, ಕಟ್ಟಿದ್ರೂ ಅವ್ರು ಲ್ಯಾಟಿನ್ ಪೂಜೆಗೆ ಯಾಕೆ ಬರ್ತಾರೆ? ಬೇಕಾದ್ರೆ ಒಬ್ಬಿಬ್ಬರು ಐರಿಷ್ ಕಥೊಲಿಕರು ಇದ್ದಿರಬಹುದು ಅನ್ಕೊಳ್ಳೋಣ. ಅವ್ರಿಗೋಸ್ಕರ ಘಟ್ಟದ ಅಂಚಿಂದ ಕುದುರೆ ಮೇಲೆ ಅಷ್ಟು ದೂರ ಬರೋ ಥರ ಹೊಳೆ ದಂಡೇಲಿ ಕಟ್ಟೋ ಬದ್ಲು ಎಸ್ಟೇಟ್ ಪಕ್ಕದಲ್ಲೇ ಕಟ್ತಿದ್ರು.

ಆ ಚರ್ಚ್ ತುಂಬಿಸಿದ್ದು ಅಕ್ಕಪಕ್ಕದ ರೈತರು, ಕೂಲಿಯವ್ರು, ಕನ್ನಡ ಮಾತಾಡೋ ಜನ. ಹೇಮಾವತಿ ದಂಡೆ ಒಳ್ಳೇ ಗದ್ದೆ ಭೂಮಿ, ಅಲ್ಲೊಂದು ಕ್ರೈಸ್ತರ ಊರು ಬೆಳೆದಿತ್ತು, ಊರಿಗೆ ತಕ್ಕ ಹಾಗೆ ಚರ್ಚ್. ಅಷ್ಟು ಚೆಂದದ ಕಟ್ಟಡ ನೋಡಿದ ತಕ್ಷಣ ಇದು ಯಾರೋ ದೊರೆಗಳಿಗೆ ಅಂದ್ಕೊಳ್ಳೋದು ನಮ್ಮ ಹಳ್ಳಿಯವರ ಬಗ್ಗೆ ನಾವೇ ಇಟ್ಕೊಂಡಿರೋ ಕೀಳು ಅಂದಾಜು, ಅದಕ್ಕೇ ನಂಗೆ ಬೇಜಾರು.

ಸುಣ್ಣದ_ಗೂಡು:

ನಾನು ಹಳೇ ಕಟ್ಟಡಗಳ ರಿಪೇರಿ ಕೆಲ್ಸ ಮಾಡೋನು, ಚರಿತ್ರೆ ಅಷ್ಟು ಗೊತ್ತಿಲ್ಲ, ಗೋಡೆ ಬಗ್ಗೆ ಹೇಳ್ತೀನಿ.

ಬೆಲ್ಲ ಮೊಟ್ಟೆ ಕತೆ ಕೇಳಿ ನಗೋರು ಇದಾರೆ, ನಗಬೇಡಿ. ದಕ್ಷಿಣದ ಕಡೆ ಹಳೇ ಗಾರೆ ಕೆಲಸದಲ್ಲಿ ಅದು ಮಾಮೂಲಿ. ಸುಣ್ಣ ನೆನೆಹಾಕಿ ಕೊಳೆಸಿ, ಮರಳು ಸೇರಿಸಿ ಗಾಣದಲ್ಲಿ ಅರೆದು, ಬೆಲ್ಲದ ನೀರು ಬಿಟ್ರೆ ಗಾರೆ ನುಣ್ಣಗೆ ಆಗುತ್ತೆ, ಕಡಿಮೆ ನೀರಿಗೇ ಹದಕ್ಕೆ ಬರುತ್ತೆ, ನಿಧಾನಕ್ಕೆ ಗಟ್ಟಿ ಆಗುತ್ತೆ, ಬಿರುಕು ಬಿಡಲ್ಲ. ಮೊಟ್ಟೆ ಬಿಳಿ ಹೆಚ್ಚಾಗಿ ಮೇಲಿನ ನಯಗಾರೆಗೆ, ನೀರು ಒಳಗೆ ಇಳೀದೇ ಇರ್ಲಿ ಅಂತ. ಸುಣ್ಣದ ಗಾರೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳ್ಕೊಂಡು ವರ್ಷಾನುಗಟ್ಟಲೆ ಗಟ್ಟಿ ಆಗ್ತಾನೇ ಹೋಗುತ್ತೆ, ಮತ್ತೆ ಸುಣ್ಣಕಲ್ಲೇ ಆಗೋ ಥರ. ಶೆಟ್ಟಿಹಳ್ಳಿ ಗೋಡೆಗೆ ಏನೇನು ಎಷ್ಟು ಹಾಕಿದ್ರು ಅಂತ ಹೇಳೋಕೆ ಒಂದು ಚೂರು ಲ್ಯಾಬಿಗೆ ಹೋಗ್ಬೇಕು, ಆದ್ರೆ ಅದು ಇಟ್ಟಿಗೆ ಸುಣ್ಣದ ಕಟ್ಟಡ ಅನ್ನೋದಂತೂ ಕಣ್ಣಿಗೇ ಕಾಣುತ್ತೆ.

ಹತ್ರ ಹೋದಾಗ ಇದನ್ನ ನೋಡಿ: ಚಾವಣಿ ಹೋಗಿದೆ, ಮೊನಚು ಕಮಾನುಗಳ ಸಾಲು ನಿಂತಿದೆ. ಕೈಗೆ ಸಿಗೋ ಎತ್ತರದಲ್ಲಿ ಇಟ್ಟಿಗೆ ಮಧ್ಯದ ಗಾರೆ ಒಳಕ್ಕೆ ತಿಂದು ಹೋಗಿರುತ್ತೆ, ಬೆರಳು ಹಾಕಿದ್ರೆ ಪುಡಿ ಬರುತ್ತೆ, ಇಟ್ಟಿಗೆ ಅಂಚು ಮಾತ್ರ ಮುಂದಕ್ಕೆ ಚಾಚಿರುತ್ತೆ. ಎಷ್ಟೋ ಜನ ನೀರು ತುಂಬಿದಾಗ ಹಾಳಾಗುತ್ತೆ ಅಂದ್ಕೊಂಡಿದಾರೆ. ಯಾವಾಗಲೂ ಮುಳುಗೇ ಇದ್ದಿದ್ರೆ ಇಷ್ಟು ತೊಂದ್ರೆ ಇರ್ತಿರಲಿಲ್ಲ. ತಿಂಗಳುಗಟ್ಟಲೆ ನೆನೆದು, ಆಮೇಲೆ ತಿಂಗಳುಗಟ್ಟಲೆ ಬಿಸಿಲಲ್ಲಿ ಕಾಯ್ದು, ಮತ್ತೆ ನೆನೆದು, ಇದು ಪ್ರತೀ ವರ್ಷ ನಡೀತಾ ಇದೆಯಲ್ಲ, ಅದೇ ಕೊಲ್ಲೋದು. ನೀರು ಇಳಿಯುವಾಗ ಸುಣ್ಣನ ಕರಗಿಸ್ಕೊಂಡು ಹೋಗುತ್ತೆ, ಒಣಗುವಾಗ ಒಳಗಿನ ಉಪ್ಪು ಮುಖಕ್ಕೆ ಬಂದು ಪದರ ಪದರ ಉದುರಿಸುತ್ತೆ, ಅಲೆ ಬಡಿಯೋ ಮಟ್ಟದಲ್ಲಂತೂ ಇನ್ನೂ ಜಾಸ್ತಿ. ಮೇಲ್ಗಡೆ ಸಂದೀಲಿ ಅರಳಿ ಸಸಿ ಬೇರು ಬಿಟ್ರೆ ಮುಗೀತು.

ಕೆಲವ್ರು ಕೇಳ್ತಾರೆ, ಕನ್ನಂಬಾಡಿ ವೇಣುಗೋಪಾಲಸ್ವಾಮಿ ಗುಡಿನ ಕೆ.ಆರ್.ಎಸ್. ಹಿನ್ನೀರಿಂದ ಎತ್ತಿ ಬೇರೆ ಕಡೆ ಕಟ್ಟಲಿಲ್ವಾ, ಇದನ್ನೂ ಹಾಗೇ ಮಾಡಿ ಅಂತ. ಅದು ಕಲ್ಲು. ಕಲ್ಲು ಕಲ್ಲಿಗೆ ನಂಬರ್ ಬರೆದು ಬಿಚ್ಚಿ ಅದೇ ಜಾಗಕ್ಕೆ ಜೋಡಿಸಬಹುದು. ಇಟ್ಟಿಗೆ ಸುಣ್ಣದ ಗೋಡೆ ಬಿಚ್ಚಿದ್ರೆ ಕೈಗೆ ಸಿಗೋದು ಒಡೆದ ಇಟ್ಟಿಗೆ, ಪುಡಿ. ಇದ್ದ ಜಾಗದಲ್ಲೇ ಸುಣ್ಣದ ಗಾರೆಯಿಂದ ಸಂದಿ ತುಂಬಿ, ಕಮಾನಿಗೆ ಆಸರೆ ಕೊಟ್ಟು ಉಳಿಸ್ಕೋಬೇಕು. ಸಿಮೆಂಟ್ ಮಾತ್ರ ಹಚ್ಚಬಾರದು, ಅದು ಹಳೇ ಇಟ್ಟಿಗೆಗಿಂತ ಗಟ್ಟಿ, ನೀರನ್ನ ಒಳಗೇ ಕೂಡಿಹಾಕುತ್ತೆ, ಹತ್ತು ವರ್ಷದಲ್ಲಿ ಇಟ್ಟಿಗೆನೇ ಸಿಪ್ಪೆ ಏಳುತ್ತೆ. ಮೊದಲು ಆಗಬೇಕಿರೋದು ಅಳತೆ. ಪ್ರತೀ ಬೇಸಿಗೆ ಒಂದೇ ಜಾಗದಿಂದ ಫೋಟೋ ತೆಗೆದು, ಬಿರುಕು ಎಷ್ಟು ಅಗಲ ಆಯ್ತು ಅಂತ ಬರೆದಿಡಿ, ನಿಮ್ಮ ಕಾಲೇಜು ಹುಡುಗ್ರೇ ಮಾಡಬಹುದು, ದುಡ್ಡೂ ಬೇಡ.

ಮುಳುಗಡೆ_ಮನೆತನ:

ಇಷ್ಟು ಚೆನ್ನಾಗಿ ಮಾತಾಡ್ತಿರೋದು ನೋಡಿ ಬರೀತಾ ಇದೀನಿ, ಸಾಮಾನ್ಯವಾಗಿ ಈ ಚರ್ಚ್ ವಿಷಯ ಬಂದ್ರೆ ನಾನು ಸುಮ್ನಿದ್ದುಬಿಡ್ತೀನಿ. ನಮ್ಮ ತಾಯಿ ಕಡೆಯವ್ರು ಆ ಊರಿನವ್ರು.

ಗೊರೂರು ಡ್ಯಾಮ್ ಪೂರ್ತಿ ಆಗಿದ್ದು 1979ರಲ್ಲಿ, ತುಂಬಿದ್ರೆ 2,922 ಅಡಿ, 37 ಟಿಎಂಸಿ ನೀರು. ಆ ನೀರಲ್ಲಿ ಎಷ್ಟೋ ಜನ ರೈತರು ಬೆಳೆ ಬೆಳೀತಾರೆ, ಅದನ್ನ ನಾವು ಅಲ್ಲಗಳೆಯಲ್ಲ. ಆದ್ರೆ ನಮ್ಮೋರು ಗದ್ದೆ, ಮನೆ, ಹಿತ್ಲು, ಸಮಾಧಿ ಎಲ್ಲಾ ಬಿಟ್ಟು ಎದ್ದು ಬಂದ್ರು. ಪರಿಹಾರ ಅಂತ ಬೇರೆ ಕಡೆ ಜಾಗ ಕೊಟ್ರು, ಊರು ಹೊಸದಾಗಿ ಕಟ್ಕೊಂಡ್ರು, ಪೂಜೆ ಪ್ರಾರ್ಥನೆ ಹೊಸ ಜಾಗದಲ್ಲಿ ಮುಂದುವರೀತು. ನೀವು ಕೇಳಿದ್ರಲ್ಲ ಎಲ್ಲಿಗೆ ಹೋದ್ರು ಅಂತ, ಎಲ್ಲೂ ಹೋಗಿಲ್ಲ, ಅಲ್ಲೇ ಹತ್ತಿರದಲ್ಲಿ ಇದೀವಿ. ಮುಳುಗಿದ್ದು ಕಟ್ಟಡ, ಧರ್ಮಕೇಂದ್ರ, ಅಂದ್ರೆ ಆ ಚರ್ಚಿಗೆ ಸೇರಿದ ಜನರ ಸಮುದಾಯ, ಮುಳುಗಿಲ್ಲ. ಬ್ಲಾಗಲ್ಲಿ ಪಾಳುಬಿದ್ದ ಊರು, ದೆವ್ವದ ಚರ್ಚ್ ಅಂತೆಲ್ಲಾ ಬರೆದಾಗ ನಮ್ಮ ಹಿರೀಕರಿಗೆ ಎಷ್ಟು ನೋವಾಗುತ್ತೆ ಅಂತ ಬರೆಯೋರಿಗೆ ಗೊತ್ತಾಗಲ್ಲ. ಅವ್ರ ಜ್ಞಾನಸ್ನಾನ (ಬ್ಯಾಪ್ಟಿಸಂ) ಆಗಿದ್ದು, ಮದುವೆ ಆಗಿದ್ದು, ಅವ್ರ ಅಪ್ಪ ಅಮ್ಮನ ಶವದ ಪೆಟ್ಟಿಗೆ ಇಟ್ಟಿದ್ದು ಅದೇ ಗೋಡೆಗಳ ಮಧ್ಯೆ.

ಆ ದೇವಾಲಯ ಜಪಮಾಲೆ ಮಾತೆಗೆ ಅರ್ಪಿಸಿದ್ದು. ಜಪಮಾಲೆ ಮಾತೆ ಹಬ್ಬ ಅಕ್ಟೋಬರ್ 7ಕ್ಕೆ. ಯೋಚ್ನೆ ಮಾಡಿ, ಒಳ್ಳೇ ಮಳೆಯಾದ ವರ್ಷ ಆ ಹೊತ್ತಿಗೆ ಹಿನ್ನೀರು ತುಂಬಿ ನಿಂತಿರುತ್ತೆ, ಅಂದ್ರೆ ಆ ಚರ್ಚಿನ ಪಾಲಕಿಯ ಹಬ್ಬದ ದಿನಾನೇ ಒಳಗೆ ಕಾಲಿಡೋಕೆ ಆಗಲ್ಲ. ನಮ್ಮ ಅಜ್ಜಿ ಬೇಸಿಗೇಲಿ ನೀರು ಇಳಿದ ಮೇಲೆ ಹೋಗೋರು, ಒಳಗೆ ಹೋದ ತಕ್ಷಣ ಸೆರಗು ತಲೆ ಮೇಲೆ ಎಳ್ಕೊಳ್ಳೋರು, ಚಾವಣಿ ಇಲ್ಲ ಪೀಠ ಇಲ್ಲ, ದನ ಮೇಯ್ತಿರುತ್ತೆ, ಆದ್ರೂ. ಹೆಂಗಸರು ಕೂರ್ತಿದ್ದಿದ್ದು ಈ ಕಡೆ, ಗಂಡಸರು ಆ ಕಡೆ, ಉಪದೇಶಿಗಳು ನಿಲ್ತಿದ್ದಿದ್ದು ಇಲ್ಲಿ ಅಂತ ಬೊಟ್ಟು ಮಾಡಿ ತೋರಿಸೋರು. ಆಚೆ ಬಂದು ಮನೆ ಅಡಿಪಾಯದ ಕಲ್ಲು ಎಣಿಸ್ಕೊಂಡು ಇದು ಇಂಥವರ ಮನೆ ಅಂತ ಹೇಳೋರು.

ಒಂದೇ ಬೇಡಿಕೆ. ಮದುವೆ ಮುಂಚಿನ ಫೋಟೋಶೂಟಿಗೆ ಬರೋರು ಬನ್ನಿ, ಬೇಡ ಅನ್ನಲ್ಲ, ಆದ್ರೆ ಕಮಾನಿನ ಮೇಲೆ ಹತ್ತಬೇಡಿ, ಗೋಡೆ ಮೇಲೆ ಹೆಸರು ಕೆತ್ತಬೇಡಿ, ಬಾಟಲಿ ಒಡೀಬೇಡಿ. ಪೀಠ ಇದ್ದ ಜಾಗದಲ್ಲಿ ಗಾಜಿನ ಚೂರು ಆರಿಸಿದೀವಿ ನಾವು.

ಹೇಮಾವತಿ_ದಂಡೆ:

ಅಕ್ಕ (ಅಕ್ಕ ಅಂತಾನೇ ಕರೀತೀನಿ, ಬೇಜಾರಿಲ್ಲ ಅಲ್ವಾ), ತುಂಬಾ ಥ್ಯಾಂಕ್ಸ್. ಪುಸ್ತಿಕೇಲಿ ಕಟ್ಟಡಕ್ಕಿಂತ ಮುಂಚೆ ಊರಿನ ಬಗ್ಗೆನೇ ಬರೀತೀನಿ, ಅದು ಈಗ ಖಚಿತ ಆಯ್ತು. ಹಳೇ_ಕಾಗದ ಸರ್, ಆ ಊರಲ್ಲಿ ಯಾವ್ಯಾವ ಪಾದ್ರಿ ಇದ್ರು, ಯಾವ ಮನೆತನಗಳಿದ್ವು ಅಂತ ತಿಳ್ಕೊಳ್ಳೋಕೆ ಕಾಗದ ಎಲ್ಲಿ ಸಿಗುತ್ತೆ? ಚರ್ಚ್ ಮುಳುಗಿದ್ರೆ ರಿಜಿಸ್ಟರೂ ಹೋಗಿರುತ್ತಾ?

ಹಳೇ_ಕಾಗದ:

ನೀರು ಏನು ರಾತ್ರೋರಾತ್ರಿ ಬಂದಿದ್ದಲ್ಲ, ವರ್ಷಗಳ ಮುಂಚೆ ಗೊತ್ತಿತ್ತು, ಅಂಥ ಕಡೆ ಪುಸ್ತಕ, ಪಾತ್ರೆ, ಪ್ರತಿಮೆ ಎಲ್ಲಾ ಮೊದಲೇ ಸಾಗಿಸೋದು ಪದ್ಧತಿ. ಕಥೊಲಿಕ್ ಚರ್ಚುಗಳಲ್ಲಿ ಜ್ಞಾನಸ್ನಾನ ಮತ್ತೆ ಮದುವೆ ಪುಸ್ತಕ ಇಡಲೇಬೇಕು ಅಂತ 1563ರಲ್ಲೇ ಟ್ರೆಂಟ್ ಅನ್ನೋ ಊರಲ್ಲಿ ಸೇರಿದ್ದ ಕಥೊಲಿಕ್ ಬಿಷಪ್‌ಗಳ ಮಹಾಸಭೆ ಕಟ್ಟಳೆ ಮಾಡಿದೆ, ಎಷ್ಟು ಬಡ ಹಳ್ಳಿ ಆದ್ರೂ ಪಾದ್ರಿ ಒಂದು ಸಾಲಾದ್ರೂ ಬರೀತಿದ್ದ. ಈಗ ಹಾಸನ ಜಿಲ್ಲೆ ಚಿಕ್ಕಮಗಳೂರು ಧರ್ಮಪ್ರಾಂತಕ್ಕೆ (ಒಬ್ಬ ಬಿಷಪ್ ಕೈಕೆಳಗಿನ ಪ್ರದೇಶ) ಸೇರುತ್ತೆ, ಅದು 1963ರಲ್ಲಿ ಮೈಸೂರಿಂದ ಬೇರೆ ಆಗಿದ್ದು. ಹಾಗಾಗಿ ಮೊದಲು ಈಗಿನ ಧರ್ಮಕೇಂದ್ರದ ಗುರುಗಳ ಹತ್ರ ಹೋಗಿ, ಆಮೇಲೆ ಸಾತಳ್ಳಿ, ಅಲ್ಲಿಂದ ಚಿಕ್ಕಮಗಳೂರು ಬಿಷಪ್ ಆಫೀಸು, 1963ಕ್ಕಿಂತ ಹಿಂದಿನ ಪತ್ರವ್ಯವಹಾರಕ್ಕೆ ಮೈಸೂರು. ಕಾಲೇಜಿಂದ ಒಂದು ಲೆಟರ್ ಮಾಡಿಸ್ಕೊಂಡು ಹೋಗಿ, ಇನ್ನೂ ಬದುಕಿರೋರ ದಾಖಲೆ ಬೇಡ, ಹಳೇದಷ್ಟೇ ಸಾಕು ಅಂತ ಅದರಲ್ಲೇ ಬರೆದುಬಿಡಿ, ಅವ್ರಿಗೂ ಸಮಾಧಾನ.

ಹಳೇ ಪುಸ್ತಕಗಳು ಲ್ಯಾಟಿನ್‌ನಲ್ಲಿ ಇರ್ತವೆ, ಹೆದರಬೇಡಿ, ಎಲ್ಲಾ ಸಾಲೂ ಒಂದೇ ಅಚ್ಚು, ನಾಲ್ಕೈದು ಪುಟ ಓದೋ ಹೊತ್ತಿಗೆ ಕೈಗೆ ಬರುತ್ತೆ. ಮನೇಲಿ ಚಿನ್ನಪ್ಪ ಅಂತ ಕರೀತಿದ್ದೋರು ಅಲ್ಲಿ ಪೌಲುಸ್ ಆಗಿರ್ತಾರೆ, ರಾಯಪ್ಪ ಪೆತ್ರುಸ್ ಆಗಿರ್ತಾರೆ, ಇದು ತಲೇಲಿಟ್ಕೊಂಡು ಹುಡುಕಿ. ಜ್ಞಾನಸ್ನಾನದ ಸಾಲಲ್ಲಿ ಜ್ಞಾನ ತಂದೆ ತಾಯಿ ಹೆಸರು ಕಡ್ಡಾಯ ಇರುತ್ತೆ, ಅದನ್ನ ಬಿಡದೆ ಬರ್ಕೊಳ್ಳಿ, ಯಾವ ಮನೆಗೂ ಯಾವ ಮನೆಗೂ ನಂಟು ಅಂತ ಅಲ್ಲೇ ಗೊತ್ತಾಗೋದು.

ಮದುವೆ ಪುಸ್ತಕದಲ್ಲಿ ಇನ್ನೊಂದು ನಿಧಿ ಇದೆ. ನಮ್ಮ ಕಡೆ ಸೋದರತ್ತೆ ಮಗಳು, ಅಕ್ಕನ ಮಗಳನ್ನ ತಂದ್ಕೊಳ್ಳೋ ರೂಢಿ ಇತ್ತಲ್ಲ, ಚರ್ಚ್ ಕಾನೂನಲ್ಲಿ ಅಂಥ ಮದುವೆಗೆ ವಿಶೇಷ ಅನುಮತಿ ಇಲ್ದೆ ತಾಳಿ ಕಟ್ಟೋ ಹಾಗಿಲ್ಲ. ಅನುಮತಿ ಸಿಕ್ಕಿದ್ರೆ ಎಷ್ಟನೇ ತಲೆಯ ಸಂಬಂಧ ಅಂತ ಪಾದ್ರಿ ಬರೆದಿಡಬೇಕು. ಆ ಒಂದು ಟಿಪ್ಪಣಿಯಿಂದ ಒಂದು ಮನೆತನದ ಮೂರು ತಲೆಮಾರು ಬಿಚ್ಚಿಕೊಳ್ಳುತ್ತೆ. ಸಾವಿನ ಪುಸ್ತಕನೂ ನೋಡಿ, 1876–78ರ ದೊಡ್ಡ ಬರ ಮೈಸೂರು ಸೀಮೆನೇ ಅಲುಗಾಡಿಸಿಬಿಟ್ಟಿತ್ತು, ಆ ವರ್ಷಗಳ ಪುಟ ಸಿಕ್ಕಿದ್ರೆ ಊರು ಹೇಗೆ ತಡ್ಕೊಳ್ತು ಅಂತ ನಿಮಗೇ ಕಾಣುತ್ತೆ.

ಪಾದ್ರಿಗಳ ವಿಷಯಕ್ಕೆ ಪ್ಯಾರಿಸ್ ಮಿಷನ್ನಿನ ದಾಖಲೆ ಸಂಸ್ಥೆಯ ವೆಬ್‌ಸೈಟಲ್ಲೇ ಒಬ್ಬೊಬ್ಬರ ಬಗ್ಗೆ ಚಿಕ್ಕ ಬರಹ ಇದೆ, ಎಲ್ಲಿ ಹುಟ್ಟಿದ್ರು, ಯಾವ ವರ್ಷ ಹೊರಟ್ರು, ಮೈಸೂರು ಸೀಮೇಲಿ ಯಾವ ಊರಲ್ಲಿದ್ರು ಅಂತ. ಫ್ರೆಂಚಲ್ಲಿದೆ, ಫೋನಲ್ಲೇ ಅನುವಾದ ಮಾಡ್ಕೊಳ್ಳಬಹುದು. ಊರ ಹೆಸರುಗಳನ್ನ ಅವ್ರು ಕಿವಿಗೆ ಬಿದ್ದ ಹಾಗೆ ಬರೆದಿರ್ತಾರೆ, ಶೆಟ್ಟಿಹಳ್ಳಿ ಅನ್ನೋದನ್ನ ನಾಲ್ಕೈದು ಥರ ಬರೆದು ಹುಡುಕಿ. ಶೆಟ್ಟಿಹಳ್ಳಿಗಳು ಕರ್ನಾಟಕದಲ್ಲಿ ಬೇಕಾದಷ್ಟಿವೆ, ಬರಹದಲ್ಲಿ ಹಾಸನ ಅಥ್ವಾ ಸಾತಳ್ಳಿ ಅಂತ ಜೊತೆಗೆ ಇದೆಯಾ ನೋಡಿ ಆಮೇಲೆ ತಗೊಳ್ಳಿ.

ಕಾಫಿ_ಕಣ:

ಸರ್ವೆ ಮ್ಯಾಪ್ ಮರೀಬೇಡಿ. ಡ್ಯಾಮಿಗೆ ಜಮೀನು ಸ್ವಾಧೀನ ಮಾಡ್ಕೊಂಡಾಗ ಸರ್ವೆ ನಂಬರ್ ಸಮೇತ ಯಾರ ಗದ್ದೆ ಎಷ್ಟು, ಮನೆ ಎಷ್ಟು, ಮರ ಎಷ್ಟು ಅಂತ ಪಟ್ಟಿ ಮಾಡ್ತಾರೆ, ಪರಿಹಾರ ಕೊಡೋಕೆ ಅದು ಬೇಕೇ ಬೇಕು. ಹಳೇ ಗ್ರಾಮ ನಕ್ಷೆ ತಗೊಂಡು ಅಕ್ಕನ ಊರಿನ ಹಿರಿಯರ ಮುಂದೆ ಹಾಸಿ ಕೂತ್ರೆ, ಕಾಗದದಲ್ಲಿ ಇಲ್ಲದ್ದು ಅವ್ರ ಬಾಯಲ್ಲಿ ಬರುತ್ತೆ. ಈ ಕೆಲಸ ಮಾತ್ರ ಮುಂದಿನ ವರ್ಷಕ್ಕೆ ಇಟ್ಕೋಬೇಡಿ, ಆ ವಯಸ್ಸಿನೋರು ಕಾಯೋ ಹಾಗಿಲ್ಲ.

ಸುಣ್ಣದ_ಗೂಡು:

ಫೋಟೋನೂ ಕೇಳಿ. ಚಾವಣಿ ಇದ್ದ ಕಾಲದ ಒಂದು ಫೋಟೋ ಸಿಕ್ಕಿದ್ರೆ ಕಮಾನಿನ ಮೇಲೆ ಭಾರ ಹೇಗೆ ಬೀಳ್ತಿತ್ತು ಅಂತ ನಮ್ಮಂಥವ್ರಿಗೆ ಅಂದಾಜು ಸಿಗುತ್ತೆ. ಚರ್ಚಿನ ಫೋಟೋ ಅಂತ ಕೇಳಿದ್ರೆ ಇಲ್ಲ ಅಂತಾರೆ, ಹಳೇ ಮದುವೆ ಫೋಟೋ ಇದೆಯಾ ಅಂತ ಕೇಳಿ.

ಮುಳುಗಡೆ_ಮನೆತನ:

ಮದುವೆ ಫೋಟೋ ಅಂದ್ರಲ್ಲ, ನಮ್ಮ ದೊಡ್ಡಮ್ಮನದ್ದು ಒಂದಿದೆ. ಬಾಗಿಲ ಮುಂದೆ ಎಲ್ರೂ ನಿಂತಿರೋದು, ಹಿಂದೆ ಮುಂಭಾಗದ ಕಮಾನು ಪೂರ್ತಿ ಕಾಣುತ್ತೆ, ಸುಣ್ಣ ಬಳಿದು ಬೆಳ್ಳಗಿದೆ. ದೊಡ್ಡಮ್ಮನ್ನ ಕೇಳಿ ಒಪ್ಪಿದ್ರೆ ಸ್ಕ್ಯಾನ್ ಮಾಡಿಸಿ ಕಳಿಸ್ತೀನಿ, ಪುಸ್ತಿಕೇಲಿ ಹಾಕೋದಾದ್ರೆ ಹೆಸರು ಹಾಕ್ಬೇಡಿ. ನೀರು ಇಳಿದ ಮೇಲೆ ನೀವು ಅಳತೆಗೆ ಬರೋ ವಾರ ಮೊದಲೇ ಹೇಳಿ, ಊರಿಂದ ಇಬ್ಬರು ಹಿರಿಯರನ್ನ ಗಾಡೀಲಿ ಕರ್ಕೊಂಡು ಬರ್ತೀವಿ, ಬಿಸಿಲು ಏರೋ ಮುಂಚೆ ಬೆಳಿಗ್ಗೆನೇ ಆಗ್ಬೇಕು.